ವಿಂಗ್‌ನಲ್ಲಿ ಆಡುವ ಕೆಲಸ: ನನ್ನ ಅನುಭವ

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ "ಫುಟ್‌ಬಾಲ್ ಆಡ್ತೀನಿ" ಅನ್ನುತ್ತೇನೆ. "ಅದು ಸರಿ, ಕೆಲಸ?" ಅನ್ನುವುದು ಎರಡನೇ ಪ್ರಶ್ನೆ. ಅದೇ ಕೆಲಸ, ಸಂಬಳ ಬರೋದೂ ಅದಕ್ಕೇ ಅಂದರೆ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಆಮೇಲೆ ಯಾವ ಜಾಗದಲ್ಲಿ ಆಡ್ತೀಯ ಅಂತ ಕೇಳುತ್ತಾರೆ. ವಿಂಗರ್, ಅಂದರೆ ಮೈದಾನದ ಸೈಡಿನಲ್ಲಿ ಗೆರೆ ಪಕ್ಕ ದಾಳಿ ಮಾಡುವವನು, ಅಂದ ಕೂಡಲೇ "ಓ, ಹಾಗಾದ್ರೆ ಜೋರಾಗಿ ಓಡ್ತೀಯ ಅನ್ನು" ಅನ್ನುತ್ತಾರೆ.

ಓಡುತ್ತೇನೆ, ನಿಜ. ಆದರೆ ಈ ದೇಶದಲ್ಲಿ ಜೋರಾಗಿ ಓಡುವ ಹುಡುಗರಿಗೆ ಬರ ಇಲ್ಲ. ಮಿಜೋರಾಂ, ಮಣಿಪುರದ ಕಡೆಯಿಂದ ಟ್ರಯಲ್‌ಗೆ ಬರುವ ಹುಡುಗರನ್ನು ಒಮ್ಮೆ ನೋಡಿ, ನಿಮಗೇ ಗೊತ್ತಾಗುತ್ತದೆ. ವೇಗ ಇದೆ ಅಂತ ನನ್ನನ್ನೂ ಟ್ರಯಲ್‌ಗೆ ಕರೆದರು. ಕಾಂಟ್ರಾಕ್ಟ್ ಕೊಟ್ಟದ್ದು, ಮುಂದಿನ ವರ್ಷವೂ ಇಟ್ಟುಕೊಂಡದ್ದು ಬೇರೆ ಕಾರಣಕ್ಕೆ. ನನಗೆ ನಿಲ್ಲುವುದು ಬರುತ್ತಿತ್ತು. ಪೂರ್ತಿ ವೇಗದಲ್ಲಿ ಹೋಗುತ್ತಾ ಇದ್ದವನು ಎರಡು ಹೆಜ್ಜೆಯಲ್ಲಿ ನಿಲ್ಲುವುದು, ಬಾಲ್ ಕಾಲಿನ ಹತ್ತಿರವೇ ಇಟ್ಟುಕೊಂಡು.

ನಾನು ಬೆಳೆದದ್ದು ಬೆಂಗಳೂರಿನ ಆಸ್ಟಿನ್ ಟೌನ್ ಕಡೆ. ಇಲ್ಲೂ, ಹಲಸೂರಿನ ಹತ್ತಿರದ ಗೌತಮಪುರದಲ್ಲೂ ಫುಟ್‌ಬಾಲ್ ಗೊತ್ತಿಲ್ಲದ ಮನೆ ಹುಡುಕಬೇಕು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತ 1-2ರಿಂದ ಸೋತಾಗ ನಮ್ಮ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದಿಂದ ಹೋದವರು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಆಮೇಲೆ ಕೋಲ್ಕತಾದ ಈಸ್ಟ್ ಬೆಂಗಾಲ್‌ನಲ್ಲಿ ದೊಡ್ಡ ಹೆಸರು ಮಾಡಿದರು. ಅವರ ಡ್ರಿಬ್ಲಿಂಗ್ ಬಗ್ಗೆ ನಮ್ಮ ಬೀದಿಯ ಹಿರಿಯರು ಹೇಳುತ್ತಿದ್ದ ಕಥೆಗಳಲ್ಲಿ ಓಟದ ಮಾತೇ ಬರುತ್ತಿರಲಿಲ್ಲ. ಕಾಲು ಹೇಗೆ ಆಡಿಸುತ್ತಿದ್ದರು ಅನ್ನುವುದೇ ಮಾತು.

ನಾನು ವಿಂಗರ್ ಆದದ್ದಕ್ಕೆ ದೊಡ್ಡ ಕಾರಣ ಏನೂ ಇಲ್ಲ. ದೊಡ್ಡ ಹುಡುಗರು ಮಧ್ಯದಲ್ಲಿ ಆಡುತ್ತಿದ್ದರು, ಚಿಕ್ಕವರನ್ನು ಸೈಡಿಗೆ ತಳ್ಳುತ್ತಿದ್ದರು. ನಾನು ಎಲ್ಲರಿಗಿಂತ ಚಿಕ್ಕವನು. ಆ ಸೈಡಿನಲ್ಲಿ ಗೆರೆ ಇರಲಿಲ್ಲ, ಕಾಂಪೌಂಡ್ ಗೋಡೆ ಇತ್ತು. ಕೆಳಗೆ ಕೆಂಪು ಮಣ್ಣು, ಮೇಲೆ ಸಣ್ಣ ಜಲ್ಲಿ. ಒಂದೇ ಸಲ ಕಾಲೂರಿ ನಿಲ್ಲಲು ಹೋದರೆ ಜಾರಿ ಮೊಣಕಾಲು ತರಚುತ್ತಿತ್ತು. ನಿಲ್ಲದಿದ್ದರೆ ಗೋಡೆ. ಹಾಗಾಗಿ ಸೊಂಟ ತಗ್ಗಿಸಿ, ಹೆಜ್ಜೆ ಚಿಕ್ಕದು ಮಾಡಿ, ಪಟಪಟ ಕಾಲಿಟ್ಟು ನಿಲ್ಲುವುದು ಅಭ್ಯಾಸ ಆಯಿತು. ಮುಂದೆ ಕ್ಲಬ್‌ನಲ್ಲಿ ಫಿಟ್‌ನೆಸ್ ಕೋಚ್ ಒಬ್ಬರು ಅದನ್ನೇ ಕೋನ್ ಇಟ್ಟು, ವಿಡಿಯೊ ತೆಗೆದು ಕಲಿಸಲು ಬಂದಾಗ ನನಗೆ ನಗು ಬಂತು.

ಬೆಂಗಳೂರಿನ ಲೀಗ್‌ನಲ್ಲಿ ಕೆಳಗಿನ ಡಿವಿಷನ್‌ಗಳಿಂದ ಹತ್ತುತ್ತಾ ಸೂಪರ್ ಡಿವಿಷನ್‌ಗೆ ಬರಬೇಕು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮ್ಯಾಚ್. ಅಲ್ಲಿರುವುದು ಕೃತಕ ಹುಲ್ಲು. ಮಾರ್ಚ್ ಬಿಸಿಲಲ್ಲಿ ಸ್ಟಡ್ಸ್ ಒಳಗೆ ಪಾದ ಸುಡುತ್ತದೆ. ನೋಡಲು ಬರುವವರು ಕಮ್ಮಿ, ಆದರೆ ಬಂದವರು ಬಿಡುವುದಿಲ್ಲ; ಆಟಗಾರನ ಅಪ್ಪನ ಹೆಸರೂ ಗೊತ್ತಿರುವಂಥವರು. ಎಎಸ್‌ಸಿ, ಎಂಇಜಿ ಥರದ ಸೇನೆಯ ತಂಡಗಳ ಎದುರು ಆಡಿದಾಗ ನನಗೆ ಒಂದು ವಿಷಯ ಖಚಿತ ಆಯಿತು. ಅವರ ಬ್ಯಾಕ್‌ಗಳು, ಅಂದರೆ ಹಿಂದೆ ನಿಂತು ಗೋಲು ಕಾಯುವ ಆಟಗಾರರು, 90 ನಿಮಿಷವೂ ಒಂದೇ ಸಮ ಓಡುತ್ತಾರೆ. ನೇರ ಓಟದಲ್ಲಿ ಅವರನ್ನು ದಾಟುತ್ತೇನೆ ಅಂದರೆ ಮೊದಲರ್ಧಕ್ಕೇ ನಮ್ಮ ಗ್ಯಾಸ್ ಖಾಲಿ.

ಹಾಗಾದರೆ ದಾಟುವುದು ಹೇಗೆ?

ಫುಲ್‌ಬ್ಯಾಕ್, ಅಂದರೆ ಸೈಡು ಕಾಯುವ ಬ್ಯಾಕ್, ಎದುರಿಗೆ ನಿಂತಾಗ ನಾನು ಅವನ ಮುಖ ನೋಡುವುದಿಲ್ಲ. ಸೊಂಟ ಮತ್ತು ಪಾದ ನೋಡುತ್ತೇನೆ. ಒಳ್ಳೆಯ ಬ್ಯಾಕ್ ಪಕ್ಕಕ್ಕೆ ತಿರುಗಿ, ಒಂದು ಪಾದ ಮುಂದಿಟ್ಟು ನಿಲ್ಲುತ್ತಾನೆ. ನನ್ನನ್ನು ಯಾವ ಕಡೆ ಕಳಿಸಬೇಕು ಅಂತ ಅವನೇ ನಿರ್ಧಾರ ಮಾಡಿರುತ್ತಾನೆ. ಅವನ ಮುಂದಿನ ಪಾದದ ಕಡೆಯಿಂದ ಹೋದರೆ ಅವನು ಪೂರ್ತಿ ತಿರುಗಿ ಓಡಬೇಕು. ಅಷ್ಟರಲ್ಲಿ ಅರ್ಧ ಸೆಕೆಂಡ್ ಸಿಗುತ್ತದೆ, ಕ್ರಾಸ್ ಹೊಡೆಯಲು, ಅಂದರೆ ಸೈಡಿನಿಂದ ಗೋಲಿನ ಮುಂದಕ್ಕೆ ಬಾಲ್ ಕಳಿಸಲು, ಅಷ್ಟು ಸಾಕು. ಆದರೆ ಅವನು ಸುಮ್ನೆ ಆ ಕಡೆ ಬಿಡುವುದಿಲ್ಲ, ಅಲ್ವಾ? ಅಲ್ಲಿ ನಿಲ್ಲುವುದು ಕೆಲಸಕ್ಕೆ ಬರುತ್ತದೆ. ನಾನು ಗೆರೆಯ ಪಕ್ಕ ಜೋರಾಗಿ ಹೊರಟರೆ ಅವನೂ ಹೊರಡುತ್ತಾನೆ. ನಾನು ತಟ್ಟನೆ ನಿಂತರೆ ಅವನೂ ನಿಲ್ಲಬೇಕು. ನಾನು ಯಾವಾಗ ನಿಲ್ಲುತ್ತೇನೆ ಅಂತ ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹಾಗಾಗಿ ಅವನ ಭಾರ ಹಿಮ್ಮಡಿಗೆ ಬೀಳುತ್ತದೆ, ಎರಡು ಪಾದವೂ ಒಂದೇ ಸಾಲಿಗೆ ಬರುತ್ತವೆ. ಆ ಗಳಿಗೆಯಲ್ಲಿ ಮತ್ತೆ ಹೊರಡಬೇಕು. ಆಗ ಮೊದಲ ಮೂರು ಹೆಜ್ಜೆ ಮಾತ್ರ ಲೆಕ್ಕ.

ಇದು ಒಂದೇ ಸಲಕ್ಕೆ ಕೆಲಸ ಮಾಡುವುದಿಲ್ಲ. ಮ್ಯಾಚ್‌ನ ಮೊದಲ ಹದಿನೈದು ನಿಮಿಷ ನಾನು ಬ್ಯಾಕ್‌ಗೆ ಪಾಠ ಹೇಳುತ್ತೇನೆ ಅಂತಲೇ ಇಟ್ಟುಕೊಳ್ಳಿ. ಒಂದೆರಡು ಸಲ ನೇರ ಹೊರಗಿನಿಂದ, ಗೆರೆಯ ಪಕ್ಕದಲ್ಲೇ ಓಡುತ್ತೇನೆ, ಬಾಲ್ ಕಳೆದುಕೊಂಡರೂ ಪರವಾಗಿಲ್ಲ. ಇವನು ಹೊರಗಡೆಯೇ ಹೋಗೋನು ಅಂತ ಅವನ ತಲೆಗೆ ಬಂದಮೇಲೆ ನಿಲ್ಲುತ್ತೇನೆ, ಒಳಗೆ ಬರುತ್ತೇನೆ. ಪ್ರೇಕ್ಷಕರು ಆ ಮೊದಲ ಸಲ ಬಾಲ್ ಹೋದಾಗ ಬೈಯುತ್ತಾರೆ. ಬೈಯಲಿ.

ದಾಟಿದ ಮೇಲೆ ಏನು ಅನ್ನುವುದು ಇನ್ನೂ ದೊಡ್ಡ ವಿಷಯ. ಹುಡುಗರು ಬ್ಯಾಕ್‌ನನ್ನು ದಾಟಿದ ಖುಷಿಯಲ್ಲಿ ತಲೆ ತಗ್ಗಿಸಿಕೊಂಡೇ ಬಾಲನ್ನು ಮೇಲಕ್ಕೆ ಎತ್ತಿ ಹೊಡೆಯುತ್ತಾರೆ. ಎತ್ತರದ ಕ್ರಾಸ್ ಗೋಲಿನ ಮುಂದೆ ನಿಂತ ಆರಡಿ ಸೆಂಟರ್ ಬ್ಯಾಕ್‌ಗೆ ಇಷ್ಟವಾದ ಊಟ. ನನಗೆ ಜಾಸ್ತಿ ನಂಬಿಕೆ ಇರುವುದು ಗೋಲ್ ಲೈನ್ ಹತ್ತಿರ ಹೋಗಿ ನೆಲದ ಮೇಲೇ ಹಿಂದಕ್ಕೆ ಕೊಡುವ ಕಟ್‌ಬ್ಯಾಕ್ ಮೇಲೆ. ಡಿಫೆಂಡರ್‌ಗಳೆಲ್ಲ ಗೋಲಿನ ಕಡೆ ಮುಖ ಮಾಡಿ ಓಡುತ್ತಿರುತ್ತಾರೆ, ಬಾಲ್ ಅವರ ಬೆನ್ನ ಹಿಂದೆ ಪೆನಾಲ್ಟಿ ಜಾಗದ ಹತ್ತಿರ ಬರುತ್ತದೆ. ಟಿವಿಯಲ್ಲಿ ಮುಂದಿನ ಸಲ ಗಮನಿಸಿ, ಸುಲಭವಾಗಿ ಹೊಡೆದಂತೆ ಕಾಣುವ ಗೋಲುಗಳಲ್ಲಿ ಎಷ್ಟೋ ಹೀಗೇ ಬರುತ್ತವೆ.

ಇಷ್ಟೆಲ್ಲ ಹೇಳಿದೆ, ಆದರೆ ಒಂದು ಮ್ಯಾಚ್‌ನಲ್ಲಿ ಬಾಲ್ ನನ್ನ ಕಾಲಲ್ಲಿ ಇರುವುದು ಎಲ್ಲ ಸೇರಿ ಮೂರು ನಿಮಿಷಕ್ಕಿಂತ ಕಮ್ಮಿ. ಉಳಿದ ಹೊತ್ತು? ಎದುರಾಳಿ ಫುಲ್‌ಬ್ಯಾಕ್ ಮೇಲೆ ಬಂದರೆ ಅವನ ಹಿಂದೆ ನಮ್ಮ ಗೋಲಿನ ಮುಂದಿನ ಬಾಕ್ಸ್‌ವರೆಗೂ ಓಡುವುದು. ಆಮೇಲೆ ಬಾಲ್ ಸಿಕ್ಕಿದರೆ ಮತ್ತೆ ಆ ತುದಿಗೆ. ಮೈದಾನದ ಉದ್ದ 105 ಮೀಟರ್. ಈಗ ಜೆರ್ಸಿ ಒಳಗೆ ಜಿಪಿಎಸ್ ಇರುವ ಸಣ್ಣ ಬನಿಯನ್ ಹಾಕಿಸುತ್ತಾರೆ. ಯಾರು ಗಂಟೆಗೆ 25 ಕಿಲೋಮೀಟರ್‌ಗಿಂತ ಜೋರಾಗಿ ಎಷ್ಟು ದೂರ ಓಡಿದರು ಅಂತ ಮರುದಿನ ಗೋಡೆ ಮೇಲೆ ಅಂಟಿಸುತ್ತಾರೆ. ವಿಂಗರ್‌ಗಳು, ಫುಲ್‌ಬ್ಯಾಕ್‌ಗಳು ಮೇಲೇ ಇರುತ್ತೇವೆ. ಆದರೆ ಕೋಚ್ ಆ ಪಟ್ಟಿ ನೋಡಿದಾಗ ಕೇಳುವುದು ಒಂದೇ: ಇದರಲ್ಲಿ ಹಿಂದಕ್ಕೆ ಓಡಿದ್ದು ಎಷ್ಟು? ಗೋಲಿಗೆ ಪಾಸ್ ಕೊಟ್ಟವನನ್ನು ಬೆಂಚಿನಲ್ಲಿ ಕೂರಿಸಿ, ಹಿಂದೆ ಓಡಿ ಬರುವವನನ್ನು ಆಡಿಸುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆಂಚಿನಲ್ಲಿ ಕೂತಾಗ ಅನ್ಯಾಯ ಅನ್ನಿಸುತ್ತದೆ. ಮೈದಾನದಲ್ಲಿ ಇದ್ದಾಗ ಸರಿ ಅನ್ನಿಸುತ್ತದೆ.

ಓಟ, ನಿಲುಗಡೆ ಎರಡರ ಬೆಲೆಯನ್ನೂ ಕಟ್ಟುವುದು ತೊಡೆಯ ಹಿಂಭಾಗ. ಹ್ಯಾಮ್‌ಸ್ಟ್ರಿಂಗ್. ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಕಾಡುವ ಗಾಯ ಇದೇ. ಪೂರ್ತಿ ವೇಗದಲ್ಲಿ ಕಾಲು ಮುಂದಕ್ಕೆ ಚಾಚಿದಾಗ ಆ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಹಾಗೆ ಹಿಗ್ಗಿರುವಾಗಲೇ ಹರಿಯುತ್ತದೆ. ನನಗೂ ಒಮ್ಮೆ ಆಯಿತು. ಯಾರೋ ಹಿಂದಿನಿಂದ ಹೊಡೆದರು ಅಂತ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಅಮ್ಮ ಎಣ್ಣೆ ಹಚ್ಚಿ ತಿಕ್ಕುತ್ತೇನೆ ಅಂದರು. ಹೊಸ ಗಾಯಕ್ಕೆ ತಿಕ್ಕಬಾರದು ಅಂತ ಫಿಸಿಯೊ ಮೊದಲೇ ಹೇಳಿದ್ದರು, ಹಾಗಾಗಿ ಉಳಿದುಕೊಂಡೆ. ವಾಪಸ್ ಬಂದ ಮೇಲೆ ನಾರ್ಡಿಕ್ ಅನ್ನುವ ವ್ಯಾಯಾಮ ಬಿಟ್ಟಿಲ್ಲ. ಮೊಣಕಾಲೂರಿ ಕೂತು, ಪಾದವನ್ನು ಯಾರಾದರೂ ಹಿಡಿದುಕೊಂಡರೆ, ಮೈಯನ್ನು ನೆಟ್ಟಗೆ ಇಟ್ಟುಕೊಂಡು ನಿಧಾನಕ್ಕೆ ಮುಂದಕ್ಕೆ ಬಾಗುವುದು. ತಪ್ಪದೆ ಮಾಡುವ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧದಷ್ಟು ಕಮ್ಮಿ ಅಂತ ಸಂಶೋಧನೆಗಳು ಹೇಳುತ್ತವೆ. ಖರ್ಚೂ ಇಲ್ಲ. ಮನೆಯಲ್ಲಿ ತಮ್ಮನನ್ನು ಕಾಲ ಮೇಲೆ ಕೂರಿಸಿಕೊಂಡು ಮಾಡುತ್ತಿದ್ದೆ. ಆದರೂ ಹುಡುಗರು ಮಾಡುವುದಿಲ್ಲ, ಯಾಕೆಂದರೆ ಮೊದಲ ವಾರ ಮೆಟ್ಟಿಲು ಇಳಿಯಲು ಆಗುವುದಿಲ್ಲ.

ಭಾರತದಲ್ಲಿ ವಿಂಗರ್ ಆಗಿರುವುದಕ್ಕೆ ಒಂದು ಲಾಭ ಇದೆ. ಕ್ಲಬ್‌ಗಳ ದೊಡ್ಡ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2014ರಲ್ಲಿ ಶುರುವಾದಾಗ ಮೈದಾನದಲ್ಲಿ ಒಂದು ತಂಡಕ್ಕೆ ಆರು ವಿದೇಶಿ ಆಟಗಾರರು ಇರಬಹುದಿತ್ತು. 2017-18ಕ್ಕೆ ಐದು, 2021-22ರಿಂದ ನಾಲ್ಕು. ದುಡ್ಡು ಕೊಟ್ಟು ತರುವ ವಿದೇಶಿಯರನ್ನು ಕ್ಲಬ್‌ಗಳು ಬೆನ್ನೆಲುಬಿನ ಜಾಗಕ್ಕೆ ಹಾಕುತ್ತವೆ: ಸ್ಟ್ರೈಕರ್, ಮಧ್ಯದ ಆಟಗಾರ, ಸೆಂಟರ್ ಬ್ಯಾಕ್. ನಮ್ಮವರಿಗೆ ಉಳಿಯುವುದು ಸೈಡುಗಳು. 2017-18ರ ಬೆಂಗಳೂರು ಎಫ್‌ಸಿ ನೆನಪಿಸಿಕೊಳ್ಳಿ. ಮಧ್ಯದಲ್ಲಿ ವೆನೆಜುವೆಲಾದ ಮಿಕು, ಬಲಕ್ಕೆ ಉದಾಂತ ಸಿಂಗ್, ಎಡಕ್ಕೆ ಸುನಿಲ್ ಛೇತ್ರಿ. ದೇಶಕ್ಕೆ ಅತಿ ಹೆಚ್ಚು ಗೋಲು ಹೊಡೆದವರೇ ಕ್ಲಬ್‌ನಲ್ಲಿ ಸೈಡಿಗೆ ಹೋಗಿ ಆಡುತ್ತಿದ್ದರು! ಲಾಲಿಯನ್‌ಜುವಾಲಾ ಛಾಂಗ್ಟೆ, ನೌರೆಮ್ ಮಹೇಶ್, ಲಿಸ್ಟನ್ ಕೊಲಾಸೊ ಇವರೆಲ್ಲ ಸೈಡಿನವರೇ. ಜಾಗ ಇದೆ, ಆದರೆ ಸ್ಪರ್ಧೆಯೂ ಅಲ್ಲೇ ಜಾಸ್ತಿ. ಕಂಠೀರವದಲ್ಲಿ ಕೂತು ನಾನು ಉದಾಂತ ಅವರ ಓಟಕ್ಕೆ ಕೂಗುತ್ತಿದ್ದೆ. ಕಲಿತದ್ದು ಮಾತ್ರ ಛೇತ್ರಿ ಅವರಿಂದ. ಎಡದಿಂದ ಒಳಗೆ ಬರುವ ಮೊದಲು ಅವರು ವೇಗ ಕಮ್ಮಿ ಮಾಡುವ ರೀತಿ ನೋಡುವಂಥದ್ದು.

ದುಡ್ಡಿನ ಮಾತು ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಮೊದಲ ಕಾಂಟ್ರಾಕ್ಟ್ ಬಂದಾಗ ಅಪ್ಪನಿಗೆ ಅಷ್ಟು ಖುಷಿ ಇರಲಿಲ್ಲ. ಅವರ ಕಾಲದಲ್ಲಿ ಐಟಿಐ, ಎಚ್‌ಎಎಲ್‌ನಂಥ ಸರ್ಕಾರಿ ಕಾರ್ಖಾನೆಗಳ ತಂಡಕ್ಕೆ ಆಡಿದರೆ ಕೆಲಸವೂ ಸಿಗುತ್ತಿತ್ತು, ಪಿಂಚಣಿಯೂ ಇರುತ್ತಿತ್ತು. "ಕಾಲು ಹೋದ್ರೂ ಕುರ್ಚಿ ಇರುತ್ತೆ ಮಗಾ" ಅನ್ನುತ್ತಿದ್ದರು. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಆಡಿ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸಕ್ಕೆ ಸೇರಿಕೋ ಅನ್ನುವುದು ಅವರ ಆಸೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷದ ಮೇಲೆ ಆ ಟ್ರೋಫಿ ಗೆದ್ದಾಗ ಮನೆಯಲ್ಲಿ ಈ ಮಾತು ಮತ್ತೆ ಎದ್ದಿತು. ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ನಾನು ಆಡಿದ ಒಂದು ಕ್ಲಬ್‌ನಲ್ಲಿ ಸಂಬಳ ತಿಂಗಳುಗಟ್ಟಲೆ ತಡವಾಯಿತು. 2025ರಲ್ಲಂತೂ ಲೀಗ್ ನಡೆಸುವ ಹಕ್ಕುಗಳ ಒಪ್ಪಂದದ ಜಗಳದಲ್ಲಿ ಐಎಸ್‌ಎಲ್ಲೇ ನಿಂತಿತು. ಸೆಪ್ಟೆಂಬರ್ ಬಂದರೂ ಸೀಸನ್ ಶುರುವಾಗಲಿಲ್ಲ, ದೊಡ್ಡ ಹೆಸರಿನ ಆಟಗಾರರೂ ಕೈಕಟ್ಟಿ ಕೂತರು.

ಹಾಗಾಗಿ ಸಹಿ ಹಾಕುವ ಹುಡುಗರಿಗೆ ಒಂದು ಮಾತು. ಮೊತ್ತ ಆಮೇಲೆ ನೋಡಿ. ಸಂಬಳ 12 ತಿಂಗಳಿಗೋ, ಸೀಸನ್ ಇರುವಷ್ಟು ತಿಂಗಳಿಗೋ ನೋಡಿ. ಗಾಯವಾದರೆ ಆಪರೇಷನ್ ಖರ್ಚು ಯಾರದು, ಆಗಲೂ ಸಂಬಳ ಬರುತ್ತದಾ ಓದಿ. 18 ತುಂಬದಿದ್ದರೆ ಮೂರು ವರ್ಷಕ್ಕಿಂತ ಹೆಚ್ಚಿನ ಕಾಂಟ್ರಾಕ್ಟ್ ಮಾಡಿಸುವಂತಿಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ ಬರಹದಲ್ಲಿ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಸಮಯ ಕೊಟ್ಟು, ಆಮೇಲೂ ಬರದಿದ್ದರೆ ಬಿಟ್ಟು ಹೋಗಲು ಫಿಫಾ ನಿಯಮದಲ್ಲಿ ದಾರಿ ಇದೆ. ಫೋನ್‌ನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ಇಮೇಲ್ ಕಳಿಸಿ. "ಸರ್ ಬೇಜಾರು ಮಾಡ್ಕೋತಾರೆ" ಅಂತ ಕೇಳದೆ ಕೂತವರ ಬಾಕಿ ಕೊನೆಗೂ ಬಂದಿದ್ದು ನಾನು ಕಂಡಿಲ್ಲ.

ಈಗಿನ ಸುದ್ದಿ ಏನೆಂದರೆ, ಕಳೆದ ಪ್ರೀ-ಸೀಸನ್‌ನಲ್ಲಿ ಕೋಚ್ ನನ್ನನ್ನು ರೈಟ್ ಬ್ಯಾಕ್ ಜಾಗಕ್ಕೆ ಇಳಿಸಿದರು. ಇದು ಹೊಸದೇನಲ್ಲ. ಬೆಂಗಳೂರು ಎಫ್‌ಸಿಯ ರೋಷನ್ ಸಿಂಗ್ ವಿಂಗರ್ ಆಗಿದ್ದವರು, ಫುಲ್‌ಬ್ಯಾಕ್ ಆಗಿ 2021-22ರಲ್ಲಿ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಗೆಳೆಯರು "ಡಿಮೋಷನ್" ಅಂತ ತಮಾಷೆ ಮಾಡಿದರು. ನನಗೆ ಹಾಗೆ ಅನ್ನಿಸಿಲ್ಲ. ಹಿಂದಿನಿಂದ ನೋಡಿದರೆ ಇಡೀ ಮೈದಾನ ಕಾಣುತ್ತದೆ, ವಿಂಗ್‌ನಲ್ಲಿ ಅರ್ಧ ಮಾತ್ರ. ನೇರ ಓಡಿ ಬರುವ ವಿಂಗರ್‌ಗಳು ನನಗೆ ತೊಂದರೆ ಕೊಡುವುದಿಲ್ಲ, ಗೆರೆ ಕಡೆ ಕಳಿಸಿಬಿಡುತ್ತೇನೆ. ಸಂಬಳ ಅದೇ ಇದೆ. ಕಾರ್ನರ್ ಮಾತ್ರ ನಾನೇ ಹೊಡೀತೀನಿ ಅಂತ ಕೋಚ್ ಹತ್ತಿರ ಮೊದಲೇ ಒಪ್ಪಿಸಿಕೊಂಡಿದ್ದೇನೆ.