ಸೂಜಿಗೆ ಮೊದಲು ಬೆರಳು

ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಮನೆಗಳಿಗೆ ಪಾಲಿಯೇಟಿವ್ ನರ್ಸ್ ಆಗಿ, ಅಂದರೆ ದೀರ್ಘ ಕಾಯಿಲೆಯವರ ನೋವು ತಗ್ಗಿಸಿ ಆರೈಕೆ ಮಾಡುವ ನರ್ಸ್ ಆಗಿ ಹೋಗುತ್ತೇನೆ. ಇಂಜೆಕ್ಷನ್ ಅಂದರೆ ಚುಚ್ಚುವುದು ಅಷ್ಟೇ ಎಂದುಕೊಂಡವರು ಬಹಳ. ನನ್ನ ಮಟ್ಟಿಗೆ ದೊಡ್ಡ ಕೆಲಸ ಅದಕ್ಕೂ ಮೊದಲಿನದು. ಎಲುಬು ಎಲ್ಲಿದೆ, ಮಾಂಸ ಎಷ್ಟಿದೆ, ಚರ್ಮದಡಿ ಗಂಟು ಇದೆಯೇ ಎಂದು ಮುಟ್ಟಿ ನೋಡದೆ ನಾನು ಸಿರಿಂಜ್ ಎತ್ತುವುದಿಲ್ಲ.

"ಸೊಂಟಕ್ಕೇ ಕೊಡಿ ಸಿಸ್ಟರ್" ಎಂದು ನಮ್ಮಲ್ಲಿ ಹಿರಿಯರು ಕೇಳುತ್ತಾರೆ. ಅವರು ಹೇಳುವುದು ಪೃಷ್ಠದ ಜಾಗ. ಅದರೊಳಗೆ ಕಾಲಿಗೆ ಇಳಿಯುವ ದೊಡ್ಡ ನರ, ಸಯಾಟಿಕ್ ನರ, ಹಾದುಹೋಗುತ್ತದೆ. ಸೂಜಿ ಅದಕ್ಕೆ ತಾಗಿದರೆ ಪಾದ ಎತ್ತಲಾಗದಂತೆ ಆಗಿಬಿಡಬಹುದು. ಹಾಗಾಗಿ ನಾನು ಸೊಂಟದ ಪಕ್ಕವನ್ನೇ ಆರಿಸುತ್ತೇನೆ, ವೆಂಟ್ರೋಗ್ಲೂಟಿಯಲ್ ಎನ್ನುವ ಜಾಗ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಮೇಲಿನ ಮೊಣಕಾಲು ಸ್ವಲ್ಪ ಮಡಿಸುತ್ತೇನೆ, ಮಾಂಸ ಸಡಿಲವಾಗುತ್ತದೆ. ಎಡ ಸೊಂಟವಾದರೆ ನನ್ನ ಬಲಗೈ. ಅಂಗೈಯ ಬುಡವನ್ನು ತೊಡೆಯೆಲುಬಿನ ಉಬ್ಬಿನ ಮೇಲಿಟ್ಟು, ತೋರುಬೆರಳನ್ನು ಸೊಂಟದ ಮುಂದಿನ ಎಲುಬಿನ ಮೊನೆಗೆ ತಾಗಿಸಿ, ನಡುಬೆರಳನ್ನು ಹಿಂದಕ್ಕೆ ಚಾಚುತ್ತೇನೆ. ಎರಡು ಬೆರಳ ನಡುವೆ ಸಿಗುವುದೇ ಜಾಗ. ಅಲ್ಲಿ ದೊಡ್ಡ ನರವಾಗಲಿ ರಕ್ತನಾಳವಾಗಲಿ ಇಲ್ಲ. ನೋವಿನ ಔಷಧಿ ಸುತ್ತಲೂ ಸೋರಿ ಉರಿಯದಂತೆ ಚರ್ಮವನ್ನು ಒಂದಿಂಚು ಪಕ್ಕಕ್ಕೆ ಎಳೆದು ಹಿಡಿದು, ನೇರವಾಗಿ ಚುಚ್ಚಿ, ಮೆಲ್ಲನೆ ಒತ್ತುತ್ತೇನೆ, 1 ಮಿ.ಲೀ.ಗೆ 10 ಸೆಕೆಂಡ್ ಲೆಕ್ಕ. ಸೂಜಿ ತೆಗೆದ ಮೇಲೆಯೇ ಚರ್ಮ ಬಿಡುವುದು. ಸ್ಪಿರಿಟ್ ಆರುವವರೆಗೆ ಕಾಯುವುದೂ ಮುಖ್ಯ, ಅರ್ಧ ಉರಿ ಆ ಹಸಿಯಿಂದಲೇ ಬರುವುದು.

ಎಣ್ಮಕಜೆಯಂಥ ಊರುಗಳಲ್ಲಿ, ಗೇರುತೋಟಗಳಿಗೆ ಸಿಂಪಡಿಸಿದ್ದ ಎಂಡೋಸಲ್ಫಾನ್ ಕೀಟನಾಶಕದ ದುರಂತದ ನೋವುಂಡ ಮನೆಗಳಿವೆ. ವರ್ಷಗಟ್ಟಲೆ ಹಾಸಿಗೆಯಲ್ಲೇ ಇರುವವರ ತೋಳಿನಲ್ಲಿ ಮಾಂಸವೇ ಉಳಿದಿರುವುದಿಲ್ಲ. ಅಂಥವರ ತೋಳಿಗೆ ಮಾಮೂಲಿ ಉದ್ದದ ಸೂಜಿ ಇಳಿಸಿದರೆ ನೇರ ಎಲುಬಿಗೇ ತಾಗುತ್ತದೆ. ನಾನು ತೊಡೆಯ ನಡುಭಾಗದ ಹೊರಬದಿಯನ್ನು ಮುಟ್ಟಿ ನೋಡಿ, ಮಾಂಸವನ್ನು ಬೆರಳಲ್ಲಿ ಒಟ್ಟುಮಾಡಿ ಹಿಡಿದು, ಗಿಡ್ಡ ಸೂಜಿ ಬಳಸುತ್ತೇನೆ. ಪುಟ್ಟ ಮಕ್ಕಳಿಗೆ ಐದು ರೋಗ ತಡೆಯಲು ಕೊಡುವ ಪೆಂಟಾವ್ಯಾಲೆಂಟ್ ಲಸಿಕೆಗೂ ತೊಡೆಯೇ ಜಾಗ. ಮಾತಾಡಲಾಗದವರ ಮುಖ ನೋಡುತ್ತಲೇ ಔಷಧಿ ಒತ್ತಬೇಕು, ನೋವಾದರೆ ಹೇಳುವುದು ಅವರ ಹುಬ್ಬು ಮಾತ್ರ.

ಇನ್ನು ಇನ್ಸುಲಿನ್. ಕೊಡುವವರು ಮನೆಯವರೇ, ಹಾಗಾಗಿ ನಾನು ಹೆಚ್ಚು ಹೊತ್ತು ಕೂರುವುದೂ ಇದಕ್ಕೇ. ಮೊದಲು ಹೊಟ್ಟೆಯ ಮೇಲೆ ಅಂಗೈ ಸವರಿ ನೋಡುತ್ತೇನೆ. ಒಂದೇ ಜಾಗಕ್ಕೆ ಚುಚ್ಚುತ್ತಾ ಬಂದವರಿಗೆ ಹೊಕ್ಕುಳಿನ ಪಕ್ಕ ಮೆತ್ತನೆಯ ಗಂಟು ಸಿಗುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಮತ್ತೆ ಮತ್ತೆ ಅಲ್ಲಿಗೇ ಚುಚ್ಚುತ್ತಾರೆ. ಆದರೆ ಗಂಟಿನೊಳಗೆ ಹೋದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಶುಗರ್ ಒಂದು ದಿನ ಏರಿ, ಒಂದು ದಿನ ಇಳಿದು ಕಾಡುತ್ತದೆ. ಹೊಕ್ಕುಳಿನಿಂದ ಎರಡಿಂಚು ಬಿಟ್ಟು, ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲು, ಪ್ರತಿ ಸಲ ಒಂದು ಬೆರಳಿನಷ್ಟು ಜಾಗ ಸರಿಸಿ ಎಂದು ಪೆನ್ನಿನಲ್ಲಿ ಗೆರೆ ಎಳೆದು ತೋರಿಸುತ್ತೇನೆ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದಾಗ ಅದೇ ಡೋಸ್ ಹೆಚ್ಚಾಗಿ ಶುಗರ್ ಕುಸಿಯಬಹುದು. ಡಾಕ್ಟರಿಗೆ ಹೇಳದೆ ಹೀಗೆ ಬದಲಾಯಿಸಲು ನಾನು ಬಿಡುವುದಿಲ್ಲ. ತೋಟದ ಕೆಲಸಕ್ಕೆ ಹೊರಡುವ ಮೊದಲು ತೊಡೆಗೆ ಚುಚ್ಚಬೇಡಿ ಎಂದೂ ಹೇಳುತ್ತೇನೆ. ಗುಡ್ಡ ಹತ್ತಿ ಇಳಿಯುವಾಗ ಔಷಧಿ ಬೇಗ ರಕ್ತಕ್ಕೆ ಸೇರಿ ತಲೆ ಸುತ್ತೀತು.

ಸಿರಿಂಜಿನ ಮುಚ್ಚಳದ ಬಣ್ಣವನ್ನು ಮನೆಯವರ ಕೈಯಲ್ಲೇ ಹೇಳಿಸುತ್ತೇನೆ. ಕೆಂಪು 1 ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್‌ನದು, ಕಿತ್ತಳೆ 100 ಯೂನಿಟ್ ಇರುವುದರದು. ಬಾಟಲಿಯ ಮೇಲಿನ ಸಂಖ್ಯೆಗೆ ಇದು ಹೊಂದಲೇಬೇಕು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ್ದರಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಜೀವಕ್ಕೇ ಅಪಾಯ.

ಬಳಸಿದ ಸೂಜಿಯನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಲು ಹೇಳಿ, ತುಂಬಿದಾಗ ನಾನೇ ಆಸ್ಪತ್ರೆಗೆ ಒಯ್ಯುತ್ತೇನೆ. ತೆಂಗಿನ ಬುಡಕ್ಕೆ ಎಸೆಯಲು ಒಪ್ಪುವುದಿಲ್ಲ, ಅಡಿಕೆ ಹೆಕ್ಕುವವರು ಬರಿಗಾಲಲ್ಲೇ ಅಲ್ಲಿ ಓಡಾಡುತ್ತಾರೆ.