ಊಟದ ಹೊತ್ತಿನ ಕಾಫಿ, ಮುಟ್ಟಿನ ರಕ್ತದ ಲೆಕ್ಕ

ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂಗನವಾಡಿ ಜಗಲಿಯಲ್ಲಿ, ಪ್ರೌಢಶಾಲೆಗಳಲ್ಲಿ ಹೆಂಗಸರ ರಕ್ತ ಪರೀಕ್ಷೆ ಮಾಡಿ ಊಟ-ಮಾತ್ರೆಯ ಸಲಹೆ ಕೊಡುವುದು ನನ್ನ ಕೆಲಸ. "ಸುಸ್ತು ಸಿಸ್ಟರ್, ಮುಟ್ಟಲ್ಲಿ ಜಾಸ್ತಿ ಹೋಗ್ತದೆ" ಎಂದು ಬಂದವರಿಗೆ ಸೊಪ್ಪು ತಿನ್ನಿ ಎಂದು ಹೇಳಿ ಕಳಿಸುವುದು ಸುಲಭ. ನಾನು ಹಾಗೆ ಶುರು ಮಾಡುವುದಿಲ್ಲ. ಮೊದಲು ಎರಡು ಪ್ರಶ್ನೆ: ಒಂದು ಮುಟ್ಟಿಗೆ ಎಷ್ಟು ರಕ್ತ ಹೋಗುತ್ತದೆ? ಊಟ ಆಗಿ ಎಷ್ಟು ಹೊತ್ತಿಗೆ ಕಾಫಿ, ಚಾ ಕುಡಿಯುತ್ತೀರಿ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕದೆ ತಟ್ಟೆಗೆ ಕೈ ಹಾಕಿದರೆ ಪ್ರಯೋಜನವಿಲ್ಲ.

ಮೊದಲ ಪ್ರಶ್ನೆಗೆ "ನಾರ್ಮಲ್" ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಅಮ್ಮನಿಗೂ ಅಕ್ಕನಿಗೂ ಹಾಗೇ ಹೋಗುತ್ತಿದ್ದರೆ ಎಷ್ಟು ಹೋದರೂ ಅದು ನಾರ್ಮಲ್ ಎಂದೇ ತೋರುತ್ತದೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ 30–40 ಮಿ.ಲೀ. ರಕ್ತ ಹೋಗುತ್ತದೆ. 80 ಮಿ.ಲೀ. ದಾಟಿದರೆ ಅದು ಅತಿಸ್ರಾವ. ಮನೆಯಲ್ಲಿ ಅಳೆಯಲು ಹೀಗೆ ಕೇಳುತ್ತೇನೆ: ಗಂಟೆ, ಎರಡು ಗಂಟೆಗೆ ಪ್ಯಾಡ್ ಪೂರ್ತಿ ನೆನೆಯುತ್ತದಾ, ರಾತ್ರಿ ಬದಲಿಸಲೆಂದೇ ಏಳಬೇಕಾ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಗಡ್ಡೆ ಬೀಳುತ್ತದಾ, ಏಳು ದಿನ ದಾಟುತ್ತದಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ಗೋಡೆಯ ಕ್ಯಾಲೆಂಡರ್‌ನಲ್ಲಿ ಮೂರು ತಿಂಗಳು ಗುರುತು ಹಾಕಿಸುತ್ತೇನೆ: ಮುಟ್ಟಿನ ಪ್ರತಿ ದಿನಕ್ಕೆ ಒಂದು ಗೀಟು, ಪಕ್ಕದಲ್ಲಿ ಆ ದಿನ ಬದಲಿಸಿದ ಪ್ಯಾಡ್ ಇಲ್ಲವೇ ಬಟ್ಟೆಯ ಸಂಖ್ಯೆ. ಮುಟ್ಟಿನ ಕಪ್ ಬಳಸುವವರಿಗೆ ಇನ್ನೂ ಸುಲಭ. ಒಳಗೆ ಮಿ.ಲೀ. ಗೆರೆ ಇರುವ ಕಪ್ ಆದರೆ ನೇರವಾಗಿ ಓದಿ ಬರೆದಿಡಬಹುದು. ಕ್ಯಾಲೆಂಡರ್ ಹಾಳೆಯನ್ನು ವೈದ್ಯರ ಮುಂದಿಟ್ಟರೆ ಮಾತೇ ಬೇಕಿಲ್ಲ.

ಇದನ್ನು ಇಷ್ಟು ಹಟ ಹಿಡಿದು ಕೇಳಲು ಕಾರಣವಿದೆ. ಹಿಮೋಗ್ಲೋಬಿನ್ 12 (100 ಮಿ.ಲೀ. ರಕ್ತದಲ್ಲಿ 12 ಗ್ರಾಂ) ಇರುವವರ ಒಂದು ಮಿ.ಲೀ. ರಕ್ತದಲ್ಲಿ ಸುಮಾರು 0.4 ಮಿ.ಗ್ರಾಂ ಕಬ್ಬಿಣ ಇರುತ್ತದೆ. 40 ಮಿ.ಲೀ. ಹೋದರೆ 16 ಮಿ.ಗ್ರಾಂ ಹೋಯಿತು, 100 ಮಿ.ಲೀ. ಹೋದರೆ 40. ಇದನ್ನು 28 ದಿನಕ್ಕೆ ಹಂಚಿ, ಚರ್ಮ ಮತ್ತು ಕರುಳಿನಿಂದ ದಿನವೂ ಹೋಗುವ ಸುಮಾರು 0.9 ಮಿ.ಗ್ರಾಂ ಸೇರಿಸಿ ನೋಡಿ: ಮಿತವಾಗಿ ಹೋಗುವವಳಿಗೆ ದಿನಕ್ಕೆ 1.5 ಮಿ.ಗ್ರಾಂ ಬೇಕು, ಜಾಸ್ತಿ ಹೋಗುವವಳಿಗೆ 2.3. ನಮ್ಮ ಧಾನ್ಯಪ್ರಧಾನ ಊಟದಲ್ಲಿ ಹೆಂಗಸರು ಹೀರಿಕೊಳ್ಳುವುದು ಸುಮಾರು ನೂರಕ್ಕೆ 8 ಎಂದು ಹಿಡಿದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕೆಂದು ನಿಗದಿ ಮಾಡಿದ್ದು. ಅಕ್ಕಿಯೇ ಮುಖ್ಯವಾದ ಊಟದಲ್ಲಿ 29 ಮುಟ್ಟುವುದು ಕಷ್ಟ. 15 ಸಿಕ್ಕಿತು ಅಂದುಕೊಂಡರೂ ದೇಹಕ್ಕೆ ದಕ್ಕುವುದು 1.2. ಸಂಗ್ರಹ ಬತ್ತಿದಾಗ ಕರುಳು ಸ್ವಲ್ಪ ಹೆಚ್ಚು ಹೀರುತ್ತದೆ, ನಿಜ. ಆದರೂ ಪ್ರತಿ ತಿಂಗಳು ಸಾಲ ಬೆಳೆಯುತ್ತ ಹೋಗುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15–49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಕಂಡುಬಂದದ್ದರ ಹಿಂದೆ ಈ ಲೆಕ್ಕಕ್ಕೆ ದೊಡ್ಡ ಪಾಲಿದೆ.

ಇನ್ನು ಕಾಫಿ. ಕಾಫಿ ಬೆಳೆಯುವ ನಾಡಿನಲ್ಲಿ ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಹೊತ್ತು ಬದಲಿಸಿದರೆ ಸಾಕು. ಕಾಫಿ, ಚಾದಲ್ಲಿರುವ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ಧಾನ್ಯದ ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತವೆ. 1983ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟು ಕುಸಿಯಿತು, ಚಾ ಕುಡಿದಾಗ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ನಷ್ಟವಾಗಲಿಲ್ಲ. ಊಟವಾಗಿ ಒಂದು ಗಂಟೆಗೆ ಕುಡಿದ ಕಾಫಿ ಮಾತ್ರ ಜೊತೆಗೆ ಕುಡಿದಷ್ಟೇ ಕೆಡಿಸಿತು. ಹಾಗಾಗಿ ನಾನು ಹೇಳುವ ನಿಯಮ: ಊಟಕ್ಕೆ ಮುಂಚೆ ಒಂದು ಗಂಟೆ, ಊಟದ ಮೇಲೆ ಎರಡು ಗಂಟೆ.

ಕೊಯ್ಲಿನ ಕಾಲದಲ್ಲಿ ಕಾಫಿ ಕುಯ್ಯಲು ಹೋಗುವವಳ ದಿನಕ್ಕೆ ಇದನ್ನು ಹೊಂದಿಸುವುದು ಹೀಗೆ. ಬೆಳಗ್ಗೆ ಎದ್ದ ಕೂಡಲೇ ಆರಕ್ಕೆ ಬೆಲ್ಲದ ಕಾಫಿ, ಅದು ಹಾಗೇ ಇರಲಿ. ಏಳಕ್ಕೆ ಅಕ್ಕಿ ರೊಟ್ಟಿಯೋ ಗಂಜಿಯೋ, ಆಗ ಇನ್ನೊಂದು ಲೋಟ ಬೇಡ. ಹತ್ತೂವರೆಯ ಚಾ ಬೆಳಗ್ಗಿನ ತಿಂಡಿಯಿಂದ ಮೂರೂವರೆ ಗಂಟೆ ದೂರ, ಮಧ್ಯಾಹ್ನದ ಊಟಕ್ಕೂ ಎರಡೂವರೆ ಗಂಟೆ ಇದೆ, ತೊಂದರೆಯಿಲ್ಲ. ಕೆಡುವುದು ಒಂದು ಗಂಟೆಯ ಬುತ್ತಿಯಲ್ಲಿ. ದಿನದ ಕಾಳು, ಸೊಪ್ಪು, ಒಣಮೀನು ಎಲ್ಲ ಇರುವುದು ಆ ಡಬ್ಬಿಯಲ್ಲೇ, ಚಾದ ಕ್ಯಾನು ಬರುವುದೂ ಆ ಹೊತ್ತಿಗೇ. ಪ್ರತಿ ಹೆಂಗಸಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ತೋಟದ ರೈಟರ್ (ಲೆಕ್ಕ ಬರೆಯುವವರು), ಮೇಸ್ತ್ರಿ ಹತ್ತಿರ ಮಾತಾಡಿ ಕ್ಯಾನು ಮೂರು ಗಂಟೆಗೆ ಕಳಿಸುವಂತೆ ಮಾಡಿಸಿದರೆ ಒಂದೇ ದಿನದಲ್ಲಿ ಎಲ್ಲರ ಅಭ್ಯಾಸ ತಿರುಗುತ್ತದೆ. ಬುತ್ತಿಗೆ ಒಂದು ನೆಲ್ಲಿಕಾಯಿ, ಅರ್ಧ ಸೀಬೆ ಅಥವಾ ನಿಂಬೆಯ ಹೋಳು ಸೇರಿಸಬೇಕು. ವಿಟಮಿನ್ ಸಿ ನೆಲ್ಲಿಕಾಯಿಯಲ್ಲಿ 100 ಗ್ರಾಂಗೆ ಸುಮಾರು 250 ಮಿ.ಗ್ರಾಂ, ಸೀಬೆಯಲ್ಲಿ 200ರ ಮೇಲೆ, ಕಿತ್ತಳೆಯಲ್ಲಿ 40ರ ಆಸುಪಾಸು. ನಿಂಬೆಯನ್ನು ಕುದಿಯುವ ಸಾರಿಗೆ ಹಿಂಡಬಾರದು, ತಟ್ಟೆಯ ಮೇಲೆ ಹಿಂಡಬೇಕು. ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿರಸ) ಹಾಕಿದ್ದೇವಲ್ಲ ಎಂದು ಕೇಳುತ್ತಾರೆ. ಅದರ ಹುಳಿ ಚೆನ್ನ, ಆದರೆ ಅಷ್ಟು ಹೊತ್ತು ಕುದಿಸಿ ಕಪ್ಪಾಗಿಸಿದ ರಸವನ್ನು ವಿಟಮಿನ್ ಸಿ ಎಂದು ನಂಬಿಕೊಳ್ಳಲಾಗದು.

ಕೆಂಪಾದದ್ದೆಲ್ಲ ರಕ್ತ ಎಂಬ ನಂಬಿಕೆಯಿಂದ ಬಡ ಮನೆಗಳ ದುಡ್ಡು ಪೋಲಾಗುವುದು ನನಗೆ ತುಂಬ ಬೇಸರದ ವಿಷಯ. ಬೀಟ್‌ರೂಟ್, ದಾಳಿಂಬೆ ಎರಡರಲ್ಲೂ 100 ಗ್ರಾಂಗೆ ಒಂದು ಮಿ.ಗ್ರಾಂ ಕಬ್ಬಿಣವೂ ಇಲ್ಲ. ಅದೇ ದುಡ್ಡಿಗೆ ಬರುವ ಹುರುಳಿಕಾಳಿನಲ್ಲಿ 8 ಮಿ.ಗ್ರಾಂ ದಾಟುತ್ತದೆ, ರಾಗಿಯಲ್ಲೂ ನುಗ್ಗೆಸೊಪ್ಪಿನಲ್ಲೂ ನಾಲ್ಕೂವರೆಯ ಹತ್ತಿರ. ಹುರುಳಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ ಬೇಯಿಸಿದರೆ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಬೆಲ್ಲದಲ್ಲಿ ಕಬ್ಬಿಣ ಉಂಟು, ಆದರೆ ಕಾಫಿಗೆ ಹಾಕುವ 10 ಗ್ರಾಂನಲ್ಲಿ ಅರ್ಧ ಮಿ.ಗ್ರಾಂ ಇದ್ದರೆ ಹೆಚ್ಚು, ಅದೂ ಕಾಫಿಯ ಜೊತೆಗೇ ಹೋಗುತ್ತದೆ. ಪಂದಿಕರಿಯ (ಹಂದಿ ಮಾಂಸದ ಅಡುಗೆ) ವಿಷಯವನ್ನೂ ಸರಿಯಾಗಿ ತಿಳಿಯಬೇಕು. ಪಂದಿಯ ಬರೀ ಮಾಂಸದಲ್ಲಿ 100 ಗ್ರಾಂಗೆ ಒಂದು ಮಿ.ಗ್ರಾಂ ಸುಮಾರಷ್ಟೇ ಕಬ್ಬಿಣ. ಆದರೆ ಅದು ಸುಲಭವಾಗಿ ಹೀರಿಕೆಯಾಗುವ ಬಗೆ, ಜೊತೆಗೆ ತಿಂದ ಸೊಪ್ಪು-ಕಾಳಿನ ಕಬ್ಬಿಣವನ್ನೂ ಎಳೆದುಕೊಳ್ಳಲು ನೆರವಾಗುತ್ತದೆ. ಹಾಗಾಗಿ ಬಟ್ಟಲು ತುಂಬ ಬೇಡ, ನಾಲ್ಕು ತುಂಡು ಕರಿಯ ಪಕ್ಕದಲ್ಲಿ ಕೆಂಬು (ಕೆಸು) ಸೊಪ್ಪಿನ ಪಲ್ಯ ಇರಲಿ. ನಿಜವಾದ ಕಬ್ಬಿಣ ಇರುವುದು ಈಲಿಯಲ್ಲಿ (ಲಿವರ್). ವಾರಕ್ಕೊಮ್ಮೆ 50 ಗ್ರಾಂ ಸಾಕು. ಗರ್ಭಿಣಿಯರು, ಮಗು ಬೇಕೆಂದು ಕಾಯುತ್ತಿರುವವರು ಈಲಿ ತಿನ್ನಬಾರದು. ಅದರಲ್ಲಿರುವ ಅತಿಯಾದ ವಿಟಮಿನ್ ಎ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಪರೀಕ್ಷೆಯ ವಿಷಯದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಮಳೆಗಾಲದಲ್ಲಿ ಕೈ ತಣ್ಣಗಿರುತ್ತದೆ. ಚುಚ್ಚಿದರೂ ರಕ್ತ ಬಾರದು, ಆಗ ಬೆರಳನ್ನು ಹಿಂಡುತ್ತಾರೆ. ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರು ಸೇರಿ ಅಂಕಿ ತಪ್ಪಾಗುತ್ತದೆ. ಕೈಯನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಇರಿಸಿ, ಒರೆಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲೆ ಉಂಗುರದ ಬೆರಳಿನ ಅಂಚಿಗೆ ಚುಚ್ಚಬೇಕು. ಮೊದಲ ಹನಿ ಒರೆಸಿಬಿಡಬೇಕು. ಎರಡನೆಯದು ಎತ್ತರದ್ದು. ಬೆಟ್ಟದ ಮೇಲೆ ಇರುವವರಿಗೆ ಹಿಮೋಗ್ಲೋಬಿನ್ ಸಹಜವಾಗಿಯೇ ಸ್ವಲ್ಪ ಹೆಚ್ಚಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿಯಂತೆ 500ರಿಂದ 999 ಮೀಟರ್ ಎತ್ತರದಲ್ಲಿ 0.4 ಗ್ರಾಂ, 1000ರಿಂದ 1499 ಮೀಟರ್‌ನಲ್ಲಿ 0.8 ಗ್ರಾಂ ಕಳೆದು ನೋಡಬೇಕು. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಎಂದರೆ ರಕ್ತಹೀನತೆ. ಮಡಿಕೇರಿಯಲ್ಲಿ 12.5 ಬಂದವಳದ್ದು ಲೆಕ್ಕಕ್ಕೆ 11.7. ವಿರಾಜಪೇಟೆಯಲ್ಲಿ ಅದೇ 12.5 ಬಂದವಳದ್ದು 12.1. ಒಬ್ಬಳಿಗೆ ಚಿಕಿತ್ಸೆ ಬೇಕು, ಇನ್ನೊಬ್ಬಳಿಗೆ ಎಚ್ಚರಿಕೆ ಸಾಕು.

ಮಾತ್ರೆ ಬೇಕಾದವರಿಗೆ ಊಟವೊಂದನ್ನೇ ನಂಬಿಸಿ ಕೂರಿಸುವುದು ತಪ್ಪು. ರಕ್ತಹೀನತೆ ಬಾರದಂತೆ ಕೊಡುವ ವಾರಕ್ಕೊಂದು ಮಾತ್ರೆಯಲ್ಲಿ, ಹುಡುಗಿಯರ ನೀಲಿಯಾಗಲಿ ಹೆಂಗಸರ ಕೆಂಪಾಗಲಿ, 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಚಿಕಿತ್ಸೆಯ ಪ್ರಮಾಣವನ್ನು ವೈದ್ಯರು ಹೇಳುತ್ತಾರೆ, ಅದನ್ನು ನುಂಗಿಸುವ ಕ್ರಮ ನನ್ನದು. ರಾತ್ರಿ ಊಟವಾಗಿ ಎರಡು ಗಂಟೆಗೆ, ಮಲಗುವ ಮುಂಚೆ, ನಿಂಬೆ ಹಿಂಡಿದ ನೀರಿನಲ್ಲಿ. ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಯಲ್ಲಿ ಬೇಡ, ಎರಡು ಗಂಟೆ ಅಂತರ ಇರಲಿ. ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿರಬೇಕು. ಹೇಳದಿದ್ದರೆ ಹೆದರಿ ನಾಲ್ಕನೇ ದಿನಕ್ಕೆ ನಿಲ್ಲಿಸುತ್ತಾರೆ. ಹೊಟ್ಟೆ ತೊಳಸಿದರೆ ಬಿಟ್ಟುಬಿಡಬೇಡಿ, ಬಂದು ಹೇಳಿ. ಒಂದು ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಹೀರಿಕೆಯನ್ನು ತಗ್ಗಿಸುತ್ತದೆ, ಹಾಗಾಗಿ ದಿನ ಬಿಟ್ಟು ದಿನ ಕೊಡುವ ಕ್ರಮವನ್ನೂ ವೈದ್ಯರು ಅನುಸರಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರೆಯ ಪಟ್ಟಿಯಿಂದ ಬಿಡಿಸಿ ಕಾಗದದಲ್ಲಿ ಕಟ್ಟಿ ಕೊಡಲೇಬಾರದು. ನಮ್ಮ ತೇವಕ್ಕೆ ಅವು ಅಂಟಿ, ಚುಕ್ಕೆ ಬಿದ್ದು ಹೋಗುತ್ತವೆ. ಪಟ್ಟಿಯ ಸಮೇತ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಬೇಕು. ಕಬ್ಬಿಣದ ಮಾತ್ರೆ ಮಿಠಾಯಿ ಎಂದು ತಿಂದ ಮಗುವಿನ ಜೀವಕ್ಕೇ ಅಪಾಯ.

ಸರಿಯಾಗಿ ನುಂಗಿದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಮಾತ್ರೆ ಹೆಚ್ಚಿಸುವ ಮುಂಚೆ ಕಾರಣ ಹುಡುಕುತ್ತೇನೆ. ನುಂಗಿದ್ದಾರಾ, ಯಾವ ಹೊತ್ತಿಗೆ? ಬರಿಗಾಲಲ್ಲಿ ಒದ್ದೆ ಮಣ್ಣಿನಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರಬಹುದು. ಹುಳುವಿನ ಮಾತ್ರೆ ಅಲ್ಬೆಂಡಜೋಲ್ 400 ಮಿ.ಗ್ರಾಂ ಕೊಡಿಸಿದರೂ, ಕಾಲಿಗೆ ಬೂಟು ಹಾಕಿಸದಿದ್ದರೆ ಹುಳು ಮತ್ತೆ ಬರುತ್ತದೆ. ಯರವ, ಜೇನು ಕುರುಬ ಬುಡಕಟ್ಟಿನ ಮನೆಗಳವರಾದರೆ ಸಿಕಲ್ ಸೆಲ್ ಪರೀಕ್ಷೆ ಆಗಿದೆಯೇ ಎಂದು ಮೊದಲು ನೋಡಬೇಕು. ಆ ರೋಗದಲ್ಲಿ ರಕ್ತ ಕಡಿಮೆಯಾಗುವುದು ಕಬ್ಬಿಣವಿಲ್ಲದೆ ಅಲ್ಲ, ರಕ್ತಕಣ ಬೇಗ ಒಡೆದು. ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತೋರಿಸುವ ರಕ್ತ ಪರೀಕ್ಷೆ) ನೋಡದೆ ತಿಂಗಳುಗಟ್ಟಲೆ ಕಬ್ಬಿಣ ಕೊಟ್ಟರೆ ಅದು ದೇಹದಲ್ಲಿ ಹೆಚ್ಚಾಗಿ ಕೂರುತ್ತದೆ. ಇದ್ಯಾವುದೂ ಅಲ್ಲದಿದ್ದರೆ ಸ್ಕ್ಯಾನಿಂಗ್. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೆ ನುಗ್ಗೆಸೊಪ್ಪು ಅದನ್ನು ಕರಗಿಸದು. ನಲವತ್ತೈದು ದಾಟಿದವರ ಅತಿಸ್ರಾವ, ಮುಟ್ಟು ನಿಂತ ಮೇಲೆ ಕಂಡ ಒಂದು ಹನಿ ರಕ್ತ, ಇವಕ್ಕೆ ಊಟದ ಸಲಹೆಯನ್ನೇ ಕೊಡದೆ ನೇರ ಆಸ್ಪತ್ರೆಗೆ ಕಳಿಸುತ್ತೇನೆ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಮದ್ದು ಸೊಪ್ಪಿನ ಪಾಯಸ ತಿಂದ ಮೇಲೆ ಮೂತ್ರ ಕೆಂಪಾಗುವುದು ಮಾತ್ರ ಸೊಪ್ಪಿನ ಬಣ್ಣ, ರಕ್ತವಲ್ಲ.

ಹಿಮೋಗ್ಲೋಬಿನ್ ಸರಿಹೋದ ದಿನ ಮಾತ್ರೆ ನಿಲ್ಲಿಸಬಾರದು. ಸಂಗ್ರಹ ತುಂಬಲು ಇನ್ನೂ ಮೂರು ತಿಂಗಳು ಬೇಕು.

ಮದುವೆಯಾದ ಹುಡುಗಿಯರಿಗೆ ಫೋಲಿಕ್ ಆಸಿಡ್ ಬಗ್ಗೆ ಬೇಗ ಹೇಳಬೇಕು. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತು 28 ದಿನದೊಳಗೆ ಮುಚ್ಚುತ್ತದೆ. ಮುಟ್ಟು ತಪ್ಪಿತೆಂದು ತಿಳಿಯುವ ಹೊತ್ತಿಗೆ ಅದರಲ್ಲಿ ಅರ್ಧ ಸಮಯ ಕಳೆದುಹೋಗಿರುತ್ತದೆ. ಆದ್ದರಿಂದ ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭಕ್ಕೆ ಮುಂಚೆ ಕನಿಷ್ಠ ಒಂದು ತಿಂಗಳಿನಿಂದ. ಮಾಂಸ, ಮೀನು, ಮೊಟ್ಟೆ ಮುಟ್ಟದವರಿಗೂ, ಪಿಸಿಓಡಿ ಎಂಬ ಅಂಡಾಶಯದ ತೊಂದರೆಗೆಂದು ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಿಗೂ ವಿಟಮಿನ್ ಬಿ12 ಪರೀಕ್ಷೆ ಮಾಡಿಸುತ್ತೇನೆ. ಆ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯುತ್ತದೆ.

ಮುಟ್ಟು ಜಾಸ್ತಿ, ಮೈ ಭಾರ, ಚಳಿ ತಡೆಯದು, ಮಲಬದ್ಧತೆ ಎಂದರೆ ಥೈರಾಯ್ಡ್ ನೋಡಲೇಬೇಕು. ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರಿನ ಮೊಳಕೆ) ಹೆಚ್ಚು ತಿನ್ನುವ ನಾಡು ನಮ್ಮದು. ಹಸಿ ಕಣಿಲೆಯಲ್ಲಿರುವ ಸಯನೈಡ್ ಅಂಶ ದೇಹದಲ್ಲಿ ಥಯೋಸಯನೇಟ್ ಆಗಿ ಅಯೋಡಿನ್‌ಗೆ ಅಡ್ಡ ಬರುತ್ತದೆ. ಹೆಚ್ಚಿ, ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿ, ಬೇಯಿಸಿದ ನೀರು ಚೆಲ್ಲುವ ಹಳೆಯ ಪದ್ಧತಿಯೇ ಸರಿ, ಅವಸರಕ್ಕೆ ಅದನ್ನು ಬಿಡಬೇಡಿ. ಅಯೋಡಿನ್ ಉಪ್ಪನ್ನು ಒಲೆ ಪಕ್ಕ ತೆರೆದಿಟ್ಟರೆ ತೇವಕ್ಕೆ ನೀರೊಡೆದು ಅಯೋಡಿನ್ ಇಳಿದುಹೋಗುತ್ತದೆ. ಮುಚ್ಚಿದ ಡಬ್ಬಿ, ಒಣ ಚಮಚ.

ಮುಟ್ಟಿನ ಹೊಟ್ಟೆನೋವಿಗೆ ಪೌಷ್ಟಿಕಾಂಶದಿಂದ ಸಿಗುವ ನೆರವು ಅಷ್ಟು ದೊಡ್ಡದಲ್ಲ. ಮತ್ತಿ (ಬೂತಾಯಿ) ಮೀನು ವಾರಕ್ಕೆರಡು ಸಲ ತಿಂದರೆ ಒಮೆಗಾ-3, ವಿಟಮಿನ್ ಡಿ, ಬಿ12 ಒಟ್ಟಿಗೆ ಸಿಗುತ್ತವೆ. ನಾಲ್ಕು ತಿಂಗಳು ಬಿಸಿಲು ಕಾಣದ ಊರಿನಲ್ಲಿ ವಿಟಮಿನ್ ಡಿ ಕೊರತೆ ಇದ್ದವರಿಗೆ ಅದನ್ನು ತುಂಬಿಸಿದಾಗ ನೋವು ಸ್ವಲ್ಪ ತಗ್ಗುವುದುಂಟು. ಪ್ರತಿ ತಿಂಗಳು ಶಾಲೆ ತಪ್ಪಿಸುವಷ್ಟು ನೋವಿದ್ದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ರೋಗ) ಇರಬಹುದು, ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಕೊನೆಗೆ ಹಾಕಿ ಆಡುವ ಹುಡುಗಿಯರು. ಬೆಳಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಮೈದಾನ, ಬಂದು ಎರಡು ನೂಪುಟ್ಟು (ಅಕ್ಕಿ ಶಾವಿಗೆ), ಓಡಿ ಶಾಲೆ. ಓಡಿದ್ದಕ್ಕೆ ತಕ್ಕಷ್ಟು ತಿನ್ನದಿದ್ದರೆ ಮಿದುಳು ಮೊದಲು ನಿಲ್ಲಿಸುವುದು ಮುಟ್ಟನ್ನು. "ಪ್ರಾಕ್ಟೀಸ್ ಜಾಸ್ತಿ ಇದ್ದಾಗ ಡೇಟ್ ಬರಲ್ಲ, ಒಳ್ಳೆಯದೇ ಆಯ್ತು" ಎಂದು ಅವರು ಹೇಳುವಾಗ ನನಗೆ ನಿಜಕ್ಕೂ ಭಯವಾಗುತ್ತದೆ. ಈಸ್ಟ್ರೋಜನ್ ಇಳಿದಿದೆ ಎಂದರ್ಥ, ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ತೆಳ್ಳಗಾಗುತ್ತಿದೆ. ಮೈದಾನಕ್ಕೆ ಇಳಿಯುವ ಅರ್ಧ ಗಂಟೆ ಮೊದಲು ಒಂದು ಬಾಳೆಹಣ್ಣು, ಮುಗಿಸಿದ ಒಂದು ಗಂಟೆಯೊಳಗೆ ಎರಡು ಮೊಟ್ಟೆ, ಒಂದು ಲೋಟ ಹಾಲು, ಹೊಟ್ಟೆ ತುಂಬುವಷ್ಟು ಕಡಂಬುಟ್ಟೋ (ಅಕ್ಕಿ ಕಡುಬು) ರೊಟ್ಟಿಯೋ. ಕೋಚ್‌ಗೂ ಅಮ್ಮಂದಿರಿಗೂ ಒಟ್ಟಿಗೆ ಕೂರಿಸಿ ಇದನ್ನು ಹೇಳಬೇಕು, ಹುಡುಗಿಗೆ ಮಾತ್ರ ಹೇಳಿದರೆ ಆಗುವುದಿಲ್ಲ. ಮೂರು ತಿಂಗಳು ಮುಟ್ಟು ಬರದಿದ್ದರೆ ಟೂರ್ನಮೆಂಟ್ ಮುಗಿಯಲಿ ಎಂದು ಕಾಯದೆ ವೈದ್ಯರಿಗೆ ತೋರಿಸಬೇಕು.