ಎಂಟನೇ ನಿಮಿಷದ ಮಂಜು

ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಎಂಟು ನಿಮಿಷ ಕಳೆದಿತ್ತು. ಎದುರಿನ ಕ್ಯಾಲೆಂಡರಿನ ಅಂಕಿಗಳು ಒಂದರೊಳಗೊಂದು ಕಲೆಸಿಹೋದವು. ಬಲಗಣ್ಣು ಮುಚ್ಚಿ ನೋಡಿದೆ, ಸ್ಪಷ್ಟವಾಗಿತ್ತು. ಎಡಗಣ್ಣು ಮುಚ್ಚಿದೆ, ಬರೀ ಮಂಜು. ಎರಡು ವರ್ಷದ ಹಿಂದೆ ನನ್ನ ಮಲ್ಟಿಪಲ್ ಸ್ಕ್ಲೆರೋಸಿಸ್ ಶುರುವಾದದ್ದು ಇದೇ ಬಲಗಣ್ಣಿನಿಂದ. ಕೈಯಾರೆ ಕಾಯಿಲೆಯನ್ನು ಕೆರಳಿಸಿಕೊಂಡೆ ಎಂದು ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ಅರ್ಧ ಗಂಟೆಯಾಗುವಷ್ಟರಲ್ಲಿ ಅಂಕಿಗಳು ತಮ್ಮ ತಮ್ಮ ಮನೆಗಳಿಗೆ ಮರಳಿದ್ದವು.

ಮರುದಿನ ಹೇಳಿದಾಗ ಫಿಸಿಯೋಥೆರಪಿಸ್ಟ್ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಹೊತ್ತಿಗೆ ಸರಿಹೋಯಿತು?" ನನ್ನ ಉತ್ತರ ಕೇಳಿ ಅವರ ಮುಖ ಸಡಿಲವಾಯಿತು. ಈ ಕಾಯಿಲೆಯಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮಿದುಳು, ಬೆನ್ನುಹುರಿಗಳ ನರತಂತುಗಳಿಗೆ ಹೊದಿಕೆಯಾಗಿರುವ ಮಯಲಿನ್ ಅನ್ನು ಹಾಳುಮಾಡುತ್ತದೆ. ಹೊದಿಕೆ ಕಳೆದುಕೊಂಡ ನರ ಮೈ ತಂಪಾಗಿರುವಾಗ ಹೇಗೋ ಸಂದೇಶ ದಾಟಿಸುತ್ತದೆ. ಮೈಬಿಸಿ ಅರ್ಧ ಡಿಗ್ರಿ ಏರಿದರೂ ತಡವರಿಸಬಹುದು, ಮೈ ತಣಿದ ಮೇಲೆ ಮೊದಲಿನಂತಾಗುತ್ತದೆ. ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲೇ ಇದನ್ನು ಬರೆದಿಟ್ಟಿದ್ದರು. ಅವರು ದೈಹಿಕ ಶ್ರಮವೇ ಕಾರಣವೆಂದು ತಿಳಿದಿದ್ದರು. ಬಿಸಿಯ ಪಾತ್ರ ಗೊತ್ತಾದದ್ದು ಆಮೇಲೆ.

ದಣಿಯಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸಲಹೆ ಬಹುಕಾಲ ನಡೆದುಬಂತು. 1996ರಲ್ಲಿ ಅಮೆರಿಕದ ಯೂಟಾದಲ್ಲಿ ಸಂಶೋಧಕ ಪೆಟಾಜನ್ ಮತ್ತು ಸಂಗಡಿಗರು ಈ ಕಾಯಿಲೆಯವರಿಗೆ 15 ವಾರ, ವಾರಕ್ಕೆ ಮೂರು ಸಲ ಏರೋಬಿಕ್ ವ್ಯಾಯಾಮ ಮಾಡಿಸಿದರು. ಅವರ ದೇಹಕ್ಷಮತೆಯೂ ಸ್ನಾಯುಬಲವೂ ಹೆಚ್ಚಿದವು. ನನಗೆ ಧೈರ್ಯ ಕೊಟ್ಟದ್ದು ಈ ಒಂದು ಸಂಗತಿ.

ಎರಡನೇ ಸಲ ಶುರುಮಾಡಿದಾಗ ಮೂರು ನಿಮಿಷ ತುಳಿದು ಎರಡು ನಿಮಿಷ ನಿಲ್ಲಿಸುತ್ತಿದ್ದೆ. ಹೀಗೆ ಮೂರು ಸುತ್ತು. ದಣಿವು ಇನ್ನೂ ಏರದ ಬೆಳಗಿನ ಹೊತ್ತನ್ನೇ ಆರಿಸಿಕೊಂಡೆ. ಫ್ಯಾನ್ ನೇರವಾಗಿ ಮುಖಕ್ಕೆ, ಕತ್ತಿನ ಸುತ್ತ ಒದ್ದೆ ಬಟ್ಟೆ, ಹತ್ತುವ ಮೊದಲು ಒಂದು ಲೋಟ ತಣ್ಣೀರು. ಮೂತ್ರ ತಡೆಯಲಾಗದೆಂಬ ಹೆದರಿಕೆಯಿಂದ ಆವರೆಗೆ ನೀರನ್ನೇ ಕಡಿಮೆ ಮಾಡಿದ್ದೆ. ನಮ್ಮಲ್ಲಿ ಬಹಳ ಮಂದಿ ಹಾಗೆ ಮಾಡುತ್ತಾರೆ, ಯಾರಿಗೂ ಹೇಳಿಕೊಳ್ಳುವುದಿಲ್ಲ. ದಯವಿಟ್ಟು ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆಯಿದೆ. ಬಾಯಾರಿದ ಮೈ ಇನ್ನೂ ಬೇಗ ಬಳಲುತ್ತದೆ.

ಬಲಪಾದ ಪೆಡಲ್ ಮೇಲೆ ನಿಲ್ಲುತ್ತಿರಲಿಲ್ಲ. ಬೆರಳ ತುದಿ ಕೆಳಗೆ ಜಗ್ಗುತ್ತಿತ್ತು, ಹಿಮ್ಮಡಿ ಒಳಗೆ ತಿರುಗಿ ಸೈಕಲ್ಲಿನ ಕಬ್ಬಿಣಕ್ಕೆ ತಾಗುತ್ತಿತ್ತು. ಅಗಲವಾದ ವೆಲ್ಕ್ರೋ ಪಟ್ಟಿಯಿಂದ ಪಾದವನ್ನು ಪೆಡಲ್‌ಗೆ ಬಿಗಿದೆವು, ಹಿಮ್ಮಡಿಯ ಹಿಂದೆ ಇನ್ನೊಂದು ಪಟ್ಟಿ. ಹತ್ತುವ ಮೊದಲು ಮೀನಖಂಡವನ್ನು ನಿಧಾನವಾಗಿ ಎಳೆದು ಸಡಿಲಿಸಿದರೆ ಮೊದಲ ಸುತ್ತುಗಳ ಬಿಗಿತ ಎಷ್ಟೋ ಕಡಿಮೆಯಾಗುತ್ತಿತ್ತು. ಬೆನ್ನಿಗೆ ಒರಗು ಇರುವ ಸೈಕಲ್ ಸಿಕ್ಕರೆ ಅದೇ ಒಳ್ಳೆಯದು, ಸಮತೋಲದ ಚಿಂತೆಯಿಲ್ಲ. ಕಾಲು ಸಹಕರಿಸದವರು ಕೈಯಿಂದ ತಿರುಗಿಸುವ ಪೆಡಲ್‌ಗಳನ್ನು ಬಳಸಬಹುದು.

ವೇಗಕ್ಕೆ ಕೈಗಡಿಯಾರ ತೋರಿಸುವ ಹೃದಯಬಡಿತವನ್ನು ನಾನು ನೆಚ್ಚಲಿಲ್ಲ. ಬಡಿತವನ್ನು ಹಿಡಿತದಲ್ಲಿಡುವ ನರಗಳಿಗೂ ಈ ಕಾಯಿಲೆ ತಟ್ಟುವುದುಂಟು, ಎಷ್ಟು ಶ್ರಮಪಟ್ಟರೂ ಅಂಕಿ ಏರದಿರಬಹುದು. ಶ್ರಮ ಎಷ್ಟೆನಿಸುತ್ತಿದೆ ಎಂದು ನಾವೇ ಅಂಕಿ ಕೊಟ್ಟುಕೊಳ್ಳುವ, 6ರಿಂದ 20ರವರೆಗಿನ ಬೋರ್ಗ್ ಮಾಪಕದಲ್ಲಿ ನನ್ನ ಅನಿಸಿಕೆ 11ರಿಂದ 13ರೊಳಗೆ ಇರುವಂತೆ ನೋಡಿಕೊಂಡೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು.

ನನ್ನನ್ನು ಹೆಚ್ಚು ಕಾಡಿದ್ದು ಒಳ್ಳೆಯ ದಿನಗಳು. ಆರನೇ ವಾರ ಒಂದು ಬೆಳಿಗ್ಗೆ ಮೈ ಹಗುರವಾಗಿತ್ತು. ಹದಿನೈದು ನಿಮಿಷಕ್ಕೆ ನಿಲ್ಲಿಸಬೇಕಿತ್ತು, ಮೂವತ್ತೈದು ತುಳಿದೆ. ಮುಂದಿನ ಎರಡು ದಿನ ತಲೆ ಬಾಚಿಕೊಳ್ಳಲೂ ಕೈ ಏಳಲಿಲ್ಲ. ಆಮೇಲೆ ಟಿಪ್ಪಣಿ ಪುಸ್ತಕದಲ್ಲಿ "ಮರುದಿನ ಬೆಳಿಗ್ಗೆ" ಎಂಬ ಕಾಲಂ ಎಳೆದೆ. ಮಂಜು, ಜೋಮು, ಕಾಲೆಳೆತ ಒಂದು ಗಂಟೆಯೊಳಗೆ ಇಳಿದು, ಮರುದಿನ ಎಂದಿನಂತೆ ಎದ್ದರೆ ಮಾತ್ರ ಮುಂದಿನ ವಾರ ಎರಡು ನಿಮಿಷ ಸೇರಿಸುತ್ತಿದ್ದೆ. ಇಲ್ಲದಿದ್ದರೆ ಅಷ್ಟಕ್ಕೇ ನಿಲ್ಲುತ್ತಿದ್ದೆ.

ನಾಲ್ಕೂವರೆ ತಿಂಗಳಿಗೆ ಮೂವತ್ತು ನಿಮಿಷ ಮುಟ್ಟಿದೆ, ವಾರಕ್ಕೆ ಎರಡು ಸಲ. ಸೌಮ್ಯ ಮತ್ತು ಮಧ್ಯಮ ಹಂತದವರಿಗೆ 2013ರ ಕೆನಡಾದ ಮಾರ್ಗಸೂಚಿ ಹೇಳುವುದೂ ಇಷ್ಟನ್ನೇ, ಜೊತೆಗೆ ವಾರಕ್ಕೆರಡು ಸಲ ಸ್ನಾಯುಬಲದ ವ್ಯಾಯಾಮ. ಕೈಕೋಲು ನನಗೆ ಈಗಲೂ ಬೇಕು. ಔಷಧಿಯನ್ನು ಒಂದು ದಿನವೂ ಬಿಟ್ಟಿಲ್ಲ, ವ್ಯಾಯಾಮ ಅದರ ಬದಲಿಯಲ್ಲ. ಆದರೆ ಮಧ್ಯಾಹ್ನ ಮೂರಕ್ಕೆ ಕವಿಯುತ್ತಿದ್ದ ಆ ಭಾರವಾದ ದಣಿವು ಈಗ ಎಷ್ಟೋ ದಿನ ಬರುವುದೇ ಇಲ್ಲ. ಸಂಜೆಗಳು ನನಗೆ ಮರಳಿ ಸಿಕ್ಕಿವೆ.

ಕಳೆದ ವರ್ಷ ಎಡಗೈ ಮರಗಟ್ಟಿತು. ಜ್ವರವಿರಲಿಲ್ಲ, 24 ಗಂಟೆ ಕಳೆದರೂ ಇಳಿಯಲಿಲ್ಲ. ಇದು ಬಿಸಿಯ ಆಟವಲ್ಲವೆಂದು ತಿಳಿದು ಅಂದೇ ನರತಜ್ಞರ ಬಳಿ ಹೋದೆ. ಕಾಯಿಲೆ ಮರುಕಳಿಸಿತ್ತು. ಸ್ಟೀರಾಯ್ಡ್ ಚಿಕಿತ್ಸೆ ಮುಗಿದು ವೈದ್ಯರು ಒಪ್ಪುವವರೆಗೆ ಸೈಕಲ್ಲಿಗೆ ಬಟ್ಟೆ ಹೊದಿಸಿಟ್ಟೆ. ಐದು ವಾರದ ಮೇಲೆ ಬಟ್ಟೆ ತೆಗೆದು, ಪಟ್ಟಿ ಬಿಗಿದು, ಪುಸ್ತಕದ ಹೊಸ ಪುಟದಲ್ಲಿ ಬರೆದೆ: ಮೂರು ನಿಮಿಷ, ಎರಡು ನಿಮಿಷ ವಿಶ್ರಾಂತಿ, ಮೂರು ಸುತ್ತು.